ಆತ್ಮಹತ್ಯೆ ತಡೆ ಮತ್ತು ಗ್ರಾಮ ಸಂಸ್ಕೃತಿ: ಮಂಡ್ಯ ಸೀಮೆಯ ನಾಲ್ಕು ತಾಲ್ಲೂಕುಗಳು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಆತ್ಮಹತ್ಯೆ ತಡೆಯ ಚರಿತ್ರೆಯನ್ನು ಸಾಲ ಮತ್ತು ಮರ್ಯಾದೆಯಿಂದಲೇ ಆರಂಭಿಸಬೇಕು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘವು, ಸಾಲಕ್ಕೆ ಜಪ್ತಿಯಾದ ಸಾಮಾನನ್ನು ರೈತರೆಲ್ಲ ಸೇರಿ ಹಿಂದಕ್ಕೆ ತರುವ ‘ಮರುಜಪ್ತಿ’ ಚಳವಳಿ ನಡೆಸಿತು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಗೆ ಬರಕೂಡದೆಂಬ ಫಲಕಗಳು ಹಳ್ಳಿಗಳ ಬಾಗಿಲಲ್ಲಿ ನಿಂತವು. ಪಾತ್ರೆಪಗಡ ಬೀದಿಗೆ ಬಿದ್ದರೆ ಮನೆಯವರು ತಲೆಯೆತ್ತಿ ತಿರುಗಲಾಗದ ಸೀಮೆಯಲ್ಲಿ ಒಬ್ಬನ ಅವಮಾನ ಊರಿನ ಹೋರಾಟವಾದದ್ದು ಸಣ್ಣ ಸಂಗತಿಯಲ್ಲ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ (1949–2018) ರೈತ ಸಂಘದ ಹಸಿರು ಶಾಲನ್ನು ವಿಧಾನಸಭೆಗೆ ಒಯ್ದರು.

ಆದರೂ 2015ರಲ್ಲಿ, ಕಬ್ಬಿನ ಬಾಕಿ ಮತ್ತು ಕೈಸಾಲದ ನಡುವೆ, ಮಂಡ್ಯ ಜಿಲ್ಲೆಯಲ್ಲಿ ರೈತರ ಆತ್ಮಹತ್ಯೆಗಳು ಸಾಲುಗಟ್ಟಿದವು. ನಾಲೆ ನೀರು ಹರಿಯುವ ಊರುಗಳೂ ಉಳಿಯಲಿಲ್ಲ.

ಯುವಕರ ಸಂಕಟಕ್ಕೆ ಇನ್ನೊಂದು ಮುಖವಿದೆ. ಬೇಸಾಯ ಮಾಡುವ ಹುಡುಗನಿಗೆ ಹೆಣ್ಣು ಸಿಗದು. 2022ರಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ವಧು-ವರರ ಸಮಾವೇಶಕ್ಕೆ 10,000ಕ್ಕೂ ಹೆಚ್ಚು ಗಂಡುಗಳು ಬಂದರು. ಹೆಣ್ಣುಗಳು ಕೆಲವು ನೂರು ಮಾತ್ರ. ಮರುವರ್ಷ ಅದೇ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಅವಿವಾಹಿತರು ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೊರಟರು. ಹೊರಗಿನವರು ನಕ್ಕಿರಬಹುದು. ಆದರೆ ಒಳಗೊಳಗೇ ನುಂಗಿಕೊಳ್ಳುತ್ತಿದ್ದ ನೋವನ್ನು ಹತ್ತು ಜನರೊಡನೆ ಬೀದಿಯಲ್ಲಿ ಹೇಳಿಕೊಂಡದ್ದು ಜೀವ ಉಳಿಸುವ ನಡೆಯೇ.

ಊರಿನ ಪೌರಾಣಿಕ ನಾಟಕವೂ ಅಂಥದೇ ಆಸರೆ. ‘ಕುರುಕ್ಷೇತ್ರ’ಕ್ಕೆ ಪಾತ್ರಧಾರಿಗಳೇ ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಸುತ್ತಾರೆ. ಒಬ್ಬ ಬಾರದಿದ್ದರೆ ಯಾಕೆ ಬರಲಿಲ್ಲವೆಂದು ವಿಚಾರಿಸುವವರಿರುತ್ತಾರೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿಗಳ ಬಗ್ಗೆ ಮೈಕೆಲ್ ಚಾಂಡ್ಲರ್ ಮತ್ತು ಕ್ರಿಸ್ಟೋಫರ್ ಲಲೋಂಡ್ 1998ರಲ್ಲಿ ಪ್ರಕಟಿಸಿದ ಅಧ್ಯಯನ, ಊರು ತಾನೇ ಕಟ್ಟಿಕೊಂಡ ಇಂಥ ಆಸರೆಯ ಮಾತಿಗೆ ಹತ್ತಿರದ್ದು. ಶಾಲೆ, ಆರೋಗ್ಯ ಸೇವೆ, ಆಡಳಿತವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡ ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆ ಬಹಳ ಕಡಿಮೆಯಿತ್ತು.

ಸಂಸ್ಕೃತಿ ಕಾಯುವಂತೆ ಕೊಲ್ಲಲೂಬಲ್ಲದು. ಜಾತಿ ಮೀರಿ ಪ್ರೀತಿಸಿದವರಿಗೆ, ಪರೀಕ್ಷೆಯಲ್ಲಿ ನಪಾಸಾದವರಿಗೆ, ಗಂಡನ ಮನೆ ಬಿಟ್ಟು ಬಂದ ಹೆಣ್ಣುಮಕ್ಕಳಿಗೆ ಅದೇ ಮರ್ಯಾದೆ ಕುಣಿಕೆಯಾಗುತ್ತದೆ. ದಲಿತ ಯುವಕನಿಗೆ ದೇವಸ್ಥಾನದ ಬಾಗಿಲು ಮುಚ್ಚಿದ್ದರೆ ಆ ಊರಿನ ಜಾತ್ರೆ ಅವನಿಗೆ ಆಸರೆಯಾಗದು.

ಊರಿನ ಆಸರೆ ಸಿಗದವರಿಗೆ ಹೊರಗಿನ ದಾರಿಗಳೂ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ, ಶಿಕ್ಷೆಯ ಬದಲು ಆರೈಕೆಗೆ ದಾರಿ ಮಾಡಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು.