ಗೆಜ್ಜೆ ಕಟ್ಟಿದವರು ಯಾರು?

ಸ್ಮರಣ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಇತಿಹಾಸದಲ್ಲಿ ನನಗಿರುವ ಬಂಡವಾಳ ಈ ಶಾಲೆಯ ಸಮಾಜ ವಿಜ್ಞಾನದ ಪಾಠ ಮತ್ತು ಹಳೆಯ ಸಿನಿಮಾಗಳ ಹುಚ್ಚು, ಎರಡೇ. ಹಾಗಾಗಿ ರಾಜರ ಇಸವಿಗಳನ್ನು ಬದಿಗಿಟ್ಟು, ನಮ್ಮ ದೇಶದ ತೆರೆಯ ಮೇಲೆ ಯಾರು ಕುಣಿದರು, ಯಾರು ಕುಣಿಯಲಿಲ್ಲ ಎಂಬುದನ್ನು ಹಿಡಿದುಕೊಂಡು ಹೊರಡುತ್ತೇನೆ.

1913ರಲ್ಲಿ ದಾದಾಸಾಹೇಬ್ ಫಾಲ್ಕೆ 'ರಾಜಾ ಹರಿಶ್ಚಂದ್ರ' ತೆಗೆದಾಗ ತಾರಾಮತಿಯ ಪಾತ್ರಕ್ಕೆ ಹೆಂಗಸರು ಸಿಗಲಿಲ್ಲ. ಸೂಳೆಗೇರಿಯಲ್ಲಿ ಕೇಳಿದರೂ ಒಪ್ಪಲಿಲ್ಲ. ಕೊನೆಗೆ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಸಾಳುಂಕೆ ಎಂಬಾತ ಸೀರೆ ಉಟ್ಟ. ಅಂದಿನ ಸಮಾಜದಲ್ಲಿ ಹತ್ತು ಜನರ ಮುಂದೆ ಹಾಡುವ, ಕುಣಿಯುವ ಹೆಣ್ಣಿಗೆ ಮನೆತನದ ಮರ್ಯಾದೆ ಇರಲಿಲ್ಲ. ಕುಣಿಯುವುದಕ್ಕೆಂದೇ ಬೇರೆ ಮನೆತನಗಳಿದ್ದವು. ದಕ್ಷಿಣದಲ್ಲಿ ಅವರು ದೇವದಾಸಿಯರು. ನಾವು ಇಂದು ಭರತನಾಟ್ಯವೆಂದು ಕರೆಯುವ ವಿದ್ಯೆಯನ್ನು 'ಸದಿರ್' ಎಂಬ ಹೆಸರಿನಲ್ಲಿ ತಲೆಮಾರುಗಳ ಕಾಲ ಕಾಪಾಡಿದವರು ಅವರು, ಮತ್ತು ಅವರಿಗೆ ಕಲಿಸಿದ ನಟ್ಟುವನಾರರು.

ಆ ಪದ್ಧತಿಯಲ್ಲಿ ಹೆಣ್ಣುಮಕ್ಕಳ ಶೋಷಣೆ ಇತ್ತು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಮೈಸೂರು ಸಂಸ್ಥಾನ 1910ರ ಹೊತ್ತಿಗೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಮದ್ರಾಸ್ ಪ್ರಾಂತದಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಅತ್ತ ಪದ್ಧತಿ ಅಳಿಯುತ್ತಿದ್ದಂತೆ ಇತ್ತ ಕಲೆ ಕೈ ಬದಲಾಯಿಸಿತು. 1935ರಲ್ಲಿ ರುಕ್ಮಿಣಿದೇವಿಯವರು ಅಡ್ಯಾರಿನಲ್ಲಿ ವೇದಿಕೆ ಹತ್ತಿದರು. ಬ್ರಾಹ್ಮಣ ಮನೆಯ ಹೆಣ್ಣುಮಗಳು ಗೆಜ್ಜೆ ಕಟ್ಟಿದ್ದು ಆಗ ದೊಡ್ಡ ಸುದ್ದಿ.

ಇವೆರಡೂ ಒಟ್ಟಿಗೆ ಕಾಣುವುದು 1947ರಲ್ಲಿ. ಎ.ವಿ.ಎಂ. ಸಂಸ್ಥೆಯ ತಮಿಳು ಚಿತ್ರ 'ನಾಮ್ ಇರುವರ್' ಆ ವರ್ಷದ ಜನವರಿಯಲ್ಲಿ ಬಂತು. ಅದರಲ್ಲಿ ಬೇಬಿ ಕಮಲಾ, ಹನ್ನೆರಡು ವರ್ಷದ ಬ್ರಾಹ್ಮಣ ಹುಡುಗಿ, ಸ್ವಾತಂತ್ರ್ಯ ಬಂದೇಬಿಟ್ಟಿತು ಎಂದು ಹಿಗ್ಗುವ ಭಾರತಿಯಾರರ ಹಾಡಿಗೆ ಕುಣಿಯುತ್ತಾಳೆ. ದನಿ ಡಿ.ಕೆ. ಪಟ್ಟಮ್ಮಾಳ್ ಅವರದು. ಸ್ವಾತಂತ್ರ್ಯಕ್ಕೆ ಇನ್ನೂ ಏಳು ತಿಂಗಳಿತ್ತು! ಊರೂರಿನ ಟೆಂಟುಗಳಲ್ಲಿ ಆ ಕುಣಿತ ನೋಡಿದ ತಾಯಂದಿರು ತಮ್ಮ ಹೆಣ್ಣುಮಕ್ಕಳನ್ನೂ ನೃತ್ಯದ ಮೇಷ್ಟ್ರ ಬಳಿ ಕಳಿಸತೊಡಗಿದರು. ಮದ್ರಾಸಿನ ದೇವದಾಸಿ ತಡೆ ಕಾಯ್ದೆಯೂ ಅದೇ 1947ರದ್ದು. ಕಮಲಾಗೆ ಕಲಿಸಿದ ವಳುವೂರು ರಾಮಯ್ಯ ಪಿಳ್ಳೆಯವರು ಹಳೆಯ ನಟ್ಟುವನಾರರ ಪರಂಪರೆಯವರೇ. ಗುರುಗಳಿಗೆ ಹೊಸ ಶಿಷ್ಯೆಯರು ಸಿಕ್ಕರು. ಹಳೆಯ ಶಿಷ್ಯೆಯರ ಹೊಟ್ಟೆಪಾಡಿಗೆ ಏನು ದಾರಿ ಎಂದು ಕೇಳಿದವರು ಕಡಿಮೆ.

ಮರುವರ್ಷ, 1948ರಲ್ಲಿ, ಉದಯ ಶಂಕರರ 'ಕಲ್ಪನಾ' ಬಂತು. ಪೂರ್ತಿ ನೃತ್ಯದಲ್ಲೇ ಹೊಸ ದೇಶದ ಕನಸು ಕಂಡ ಚಿತ್ರ. ಅಲ್ಮೋರಾದ ಅವರ ಕೇಂದ್ರದಲ್ಲಿ ನೃತ್ಯ ಕಲಿತವರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ಪಡುಕೋಣೆ ಹುಡುಗನಿದ್ದ. ಮುಂದೆ ಆತನೇ ಗುರುದತ್.

ನಾವು ಹೈಸ್ಕೂಲಿನಲ್ಲಿದ್ದಾಗ ವಾರ್ಷಿಕೋತ್ಸವದಲ್ಲಿ ಭರತನಾಟ್ಯ ಶುರುವಾದರೆ ಮುಂದಿನ ಸಾಲಿನ ಹಿರಿಯರು ನೆಟ್ಟಗೆ ಕೂರುತ್ತಿದ್ದರು. ಸಿನಿಮಾ ಹಾಡಿಗೆ ಡ್ಯಾನ್ಸ್ ಬಂದರೆ "ಇದೆಲ್ಲ ಯಾಕೆ ಬೇಕಿತ್ತು" ಎಂಬ ಗೊಣಗು ಕೇಳುತ್ತಿತ್ತು. ಆ ಮೊದಲನೆಯ ಗೌರವಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ. ಗೊಣಗು ಮಾತ್ರ ಬಹಳ ಹಳೆಯದು. ಹಿಂದಿ ಸಿನಿಮಾ ಅದನ್ನು ತನ್ನದೇ ರೀತಿಯಲ್ಲಿ ನಿಭಾಯಿಸಿತು: ನಾಯಕಿ ಮರ್ಯಾದೆಯಿಂದ ಇರಲಿ, ಕ್ಯಾಬರೆ ಬೇರೊಬ್ಬಳು ಕುಣಿಯಲಿ. ಆ ಕೆಲಸ ಯುದ್ಧಕಾಲದಲ್ಲಿ ಬರ್ಮಾದಿಂದ ನಡೆದು ಬಂದ ನಿರಾಶ್ರಿತರ ಮಗಳು ಹೆಲೆನ್ ಪಾಲಿಗೆ ಬಂತು.

'ಗೈಡ್' (1965) ಈ ಗೆರೆಯನ್ನು ದಾಟಿತು. ನಮ್ಮ ಮೈಸೂರಿನ ಆರ್.ಕೆ. ನಾರಾಯಣರ ಕಾದಂಬರಿಯ ರೋಸಿ ಕುಣಿಯುವವರ ಮನೆತನದವಳು, ಎಂ.ಎ. ಓದಿದವಳು. ಮದುವೆಯಿಂದ ಮರ್ಯಾದೆ ಸಿಕ್ಕರೂ ನೃತ್ಯ ಬಿಟ್ಟಿರಲಾರಳು. ನಾಲ್ಕು ವರ್ಷದ ನಂತರ ಬಂದ ಪುಟ್ಟಣ್ಣ ಕಣಗಾಲರ 'ಗೆಜ್ಜೆಪೂಜೆ'ಯಲ್ಲಿ ಅದರ ಇನ್ನೊಂದು ಮುಖವಿದೆ. ಎಂ.ಕೆ. ಇಂದಿರಾ ಅವರ ಕಾದಂಬರಿಯ ಚಂದ್ರಾಗೆ ಬೇಕಾದದ್ದು ಓದು ಮತ್ತು ಸಂಸಾರ. ಅವಳ ಪಾಲಿಗೆ ಗೆಜ್ಜೆ ಎಂದರೆ ಕುಲದ ಕಸುಬಿನ ಸಂಕೋಲೆ. ಒಬ್ಬಳು ಗೆಜ್ಜೆಗಾಗಿ ಮನೆ ಬಿಟ್ಟಳು, ಇನ್ನೊಬ್ಬಳು ಗೆಜ್ಜೆಗೆ ಹೆದರಿ ಜೀವವನ್ನೇ ಬಿಟ್ಟಳು. ಇಬ್ಬರದೂ ನಿಜವೇ. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ, 'ಗೆಜ್ಜೆಪೂಜೆ' ಬಂದು ಹದಿಮೂರು ವರ್ಷಗಳ ಮೇಲೆ.

ಹಾಗಾದರೆ ಆ ಹಳೆಯ ಮನೆತನದ ನಿಜವಾದ ಕಲಾವಿದೆಯನ್ನು ತೆರೆಯ ಮೇಲೆ ನೋಡಲು ಸಾಧ್ಯವೇ? ಸಾಧ್ಯ. ಸತ್ಯಜಿತ್ ರಾಯ್ 1976ರಲ್ಲಿ 'ಬಾಲಾ' ಎಂಬ ಸಾಕ್ಷ್ಯಚಿತ್ರ ಮಾಡಿದರು. ಬಾಲಸರಸ್ವತಿ ವೀಣಾ ಧನಮ್ಮಾಳರ ಮೊಮ್ಮಗಳು, ದೇವದಾಸಿ ಪರಂಪರೆಯ ಮಗಳು. ಆಗ ಅವರ ವಯಸ್ಸು 58. ಸಮುದ್ರದ ದಡದಲ್ಲಿ ಗಾಳಿ ಸೀರೆಯನ್ನು ಎಳೆದಾಡುತ್ತಿದ್ದರೂ ಅವರು ಕೃಷ್ಣನನ್ನು ಬಾ ಎಂದು ಕರೆಯುತ್ತಾರೆ. ಆ ಪದ ವ್ಯಾಸರಾಯರದ್ದು, ಭಾಷೆ ನಮ್ಮ ಕನ್ನಡ. ಚಿತ್ರ ಸುಮಾರು ಅರ್ಧ ಗಂಟೆಯದು. ಒಂದು ಪೀರಿಯಡ್ಡಿನಲ್ಲಿ ಮುಗಿಯುತ್ತದೆ. ಈ ವರ್ಷದ ಒಂಬತ್ತನೇ ತರಗತಿಯ ಮಕ್ಕಳಿಗೆ ಮೇಷ್ಟ್ರುಗಳು ಒಮ್ಮೆ ತೋರಿಸಿದರೆ ಚೆನ್ನ.