ಜಮೇಕಾದ ಆದಿತ್ಯವಾರದ ಊಟ

ಅತಿಥಿಯನ್ನು ಸತ್ಕರಿಸಬೇಕಾದರೆ ಗೃಹಸ್ಥನಿಗೆ ತನ್ನದೆಂಬ ಮನೆಯೂ ತನ್ನದೆಂಬ ಒಲೆಯೂ ಇರಬೇಕು. ಇವೆರಡೂ ಇಲ್ಲದಿದ್ದ ಜನರು ಅವನ್ನು ಗಳಿಸಿಕೊಂಡ ಬಗೆಯನ್ನು ವೆಸ್ಟ್ ಇಂಡೀಸಿನ ಜಮೇಕಾ ದ್ವೀಪದ ಅಡಿಗೆಯ ಚರಿತ್ರೆಯು ತಿಳಿಸುತ್ತದೆ.

1655ರಲ್ಲಿ ಆಂಗ್ಲರು ಈ ದ್ವೀಪವನ್ನು ಸ್ಪೇನಿನವರಿಂದ ಕಿತ್ತುಕೊಂಡ ಮೇಲೆ ಅಲ್ಲಿ ಕಬ್ಬಿನ ತೋಟಗಳು ಹಬ್ಬಿದುವು. ಅವುಗಳಲ್ಲಿ ದುಡಿಯುವುದಕ್ಕಾಗಿ ಆಫ್ರಿಕದಿಂದ ಲಕ್ಷಾಂತರ ಜನರನ್ನು ಗುಲಾಮರನ್ನಾಗಿ ತಂದರು. ಒಡೆಯರು ಇವರಿಗೆ ಅಳೆದು ಕೊಡುತ್ತಿದ್ದುದು ಉತ್ತರದ ಕಡಲುಗಳಿಂದ ಬಂದ ಕೀಳು ತರದ ಉಪ್ಪುಮೀನು. ಉಳಿದುದನ್ನು ಗುಡ್ಡದ ಓರೆಯ ತುಂಡುನೆಲಗಳಲ್ಲಿ ಅವರೇ ಬೆಳೆದುಕೊಳ್ಳಬೇಕಾಗಿತ್ತು. 1780ರ ದಶಕದಲ್ಲಿ ಬಿರುಗಾಳಿಗಳು ಬೆಳೆಯನ್ನು ನೆಲಸಮ ಮಾಡಿದುವು. ಅಮೆರಿಕದ ಯುದ್ಧದಿಂದ ಹೊರಗಣ ಧಾನ್ಯವೂ ನಿಂತಿತು. ಸಾವಿರಾರು ಗುಲಾಮರು ಹಸಿವಿನಿಂದ ಮಡಿದರು. ಇವರಿಗೆ ಅಗ್ಗದ ಆಹಾರವಾಗಲೆಂದೇ 1793ರಲ್ಲಿ ಕಪ್ತಾನ ಬ್ಲೈ ಎಂಬಾತನು ಟಹೀಟಿಯಿಂದ ದೀವಿಹಲಸಿನ ಸಸಿಗಳನ್ನು ತಂದನು.

ಈ ಜನರಿಗೆ ಕ್ರಿಸ್ತನ ಸುವಾರ್ತೆಯನ್ನು ಮೊದಲು ಸಾರಿದವರಲ್ಲಿ ಜಾರ್ಜ್ ಲೈಲ್ ಮುಖ್ಯನು. ತಾನೇ ಗುಲಾಮನಾಗಿದ್ದು ಬಿಡುಗಡೆ ಹೊಂದಿದ ಈತನು 1783ರಲ್ಲಿ ಕಿಂಗ್‌ಸ್ಟನ್ನಿಗೆ ಬಂದು ಬಾಪ್ಟಿಸ್ಟ್ ಸಭೆಯನ್ನು ಕಟ್ಟಿದನು. ಅದೇ ಪಂಥದ ಸ್ಯಾಮ್ಯುಯೆಲ್ ಶಾರ್ಪನು 1831ರ ಕ್ರಿಸ್ತಜಯಂತಿಯ ಕಾಲದಲ್ಲಿ ಸ್ವಾತಂತ್ರ್ಯಕ್ಕಾಗಿ ಜನರನ್ನು ಎಬ್ಬಿಸಿ, ಮರುವರ್ಷ ಗಲ್ಲಿಗೇರಿದನು. 1838ರ ಆಗಸ್ಟ್ 1ರಂದು ಪೂರ್ಣ ವಿಮೋಚನೆಯಾಯಿತು. ಆದರೆ ಗುಡಿಸಿಲುಗಳು ಒಡೆಯರವು; ಹೆಚ್ಚಿನ ಬಾಡಿಗೆ ತೆರಲಾರದವರನ್ನು ಅವರು ಹೊರದೂಡಿದರು. ಇದನ್ನು ಮುಂಗಂಡು ಪಾದ್ರಿ ಫಿಲಿಪ್ಪೊ 1835ರಲ್ಲೇ ಸ್ಪ್ಯಾನಿಷ್ ಟೌನಿನ ಮೇಲಣ ಗುಡ್ಡಗಳಲ್ಲಿ ಜಮೀನನ್ನು ಕೊಂಡಿದ್ದನು. ಅಲ್ಲಿ ಸ್ಲೈಗೋವಿಲ್ ಎಂಬ ಸ್ವತಂತ್ರ ಗ್ರಾಮವು ಹುಟ್ಟಿತು. ಇಂತಹ ಗ್ರಾಮಗಳು ಬಳಿಕ ಹಲವಾದುವು.

ಇಗರ್ಜಿಯಿಂದ ಮರಳಿದ ಮೇಲಣ ಆದಿತ್ಯವಾರದ ಊಟಕ್ಕೆ ಜಮೇಕಾದಲ್ಲಿರುವ ಗೌರವವು ಈ ಹಿನ್ನೆಲೆಯಿಂದ ವಿಶದವಾಗುತ್ತದೆ. ತೆಂಗಿನ ಹಾಲಿನಲ್ಲಿ ಕಾಳಿನೊಡನೆ ಬೇಯಿಸಿದ ಅನ್ನವೂ ಮಸಾಲೆ ಹಚ್ಚಿದ ಕೋಳಿಯೂ ಅದರಲ್ಲಿ ಪ್ರಧಾನ. ಕ್ರಿಸ್ತಜಯಂತಿಯಲ್ಲಿ ಕಾಳಿನ ಸ್ಥಾನವನ್ನು ಹಸಿ ತೊಗರಿಯು ಪಡೆಯುತ್ತದೆ. ಭಾರತದಲ್ಲಿ ಹುಟ್ಟಿದ ಈ ಬೆಳೆಯು ಆಫ್ರಿಕದ ದಾರಿಯಾಗಿ ಅಲ್ಲಿಗೆ ಮುಟ್ಟಿತು. ನಮ್ಮ ಪುಂಡಿಯ ಜಾತಿಯದೇ ಗಿಡದ ಕೆಂಪು ಹೂಪಾತ್ರೆಗಳನ್ನು ಶುಂಠಿಯೊಡನೆ ನೆನೆಯಿಸಿ ಪಾನಕವನ್ನೂ ಮಾಡುವರು. ಕರೆಯದೆ ಬಂದವನಿಗೂ ಸಾಲುವಂತೆ ಅಡಿಗೆಯನ್ನು ಕೊಂಚ ಹೆಚ್ಚಾಗಿಯೇ ಇಡುವುದು ಒಳ್ಳೆಯ ಗೃಹಿಣಿಯ ಲಕ್ಷಣ.

ಗುಲಾಮರ ಪಡಿಯಾಗಿದ್ದ ಉಪ್ಪುಮೀನು, ಪಶ್ಚಿಮ ಆಫ್ರಿಕದಿಂದ ಬಂದ ಆಕಿ ಹಣ್ಣಿನೊಡನೆ ಸೇರಿ, ಇಂದು ಆ ದೇಶದ ರಾಷ್ಟ್ರೀಯ ಭಕ್ಷ್ಯವೆನಿಸಿದೆ. ಒಡೆಯನು ಅಳೆದು ಕೊಟ್ಟುದನ್ನು ಉಂಡವರ ಸಂತತಿಯು ಅದನ್ನೇ ಅಳೆಯದೆ ಬಡಿಸಲು ಕಲಿತುದು ಆ ಜನರ ಸ್ವಾತಂತ್ರ್ಯದ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.