ಸಗರನಾಡಿನ ಬೇಸಿಗೆಯ ಚಿತ್ರಪ್ರೇಕ್ಷಕರು: ಗಳಿಕೆಯ ಲೆಕ್ಕ ಹಾಗೂ ಅಭಿಮಾನಿಗಳ ಚರ್ಚೆ

ಕನ್ನಡ ಚಲನಚಿತ್ರ ಚರಿತ್ರೆಯ ಬರವಣಿಗೆಯಲ್ಲಿ ನಟರು, ನಿರ್ದೇಶಕರು ಹಾಗೂ ನಿರ್ಮಾಪಕರಿಗೆ ದೊರೆತಿರುವ ಸ್ಥಾನ ಪ್ರೇಕ್ಷಕರಿಗೆ ದೊರೆತಿಲ್ಲ. ಪ್ರೇಕ್ಷಕರನ್ನು ಕುರಿತು ಸಾಮಾನ್ಯವಾಗಿ ಉಲ್ಲೇಖವಾಗುವುದು ಎರಡೇ ಸಂಗತಿಗಳು: ಚಿತ್ರವು ಓಡಿದ ದಿನಗಳು ಮತ್ತು ಅದು ಗಳಿಸಿದ ಹಣ. ಅಭಿಮಾನಿಗಳ ನಡುವೆ ತಲೆಮಾರುಗಳಿಂದ ನಡೆದುಬಂದಿರುವ ಚರ್ಚೆಗೂ ಇವೆರಡೇ ಆಧಾರಗಳು. ಈ ಅಳತೆಗೋಲುಗಳು ರೂಪುಗೊಂಡ ಬಗೆಯನ್ನೂ, ಯಾದಗಿರಿ, ಶಹಾಪುರ, ಸುರಪುರಗಳನ್ನು ಒಳಗೊಂಡ ಸಗರನಾಡಿನ ಪ್ರೇಕ್ಷಕರಿಗೆ ಅವುಗಳಲ್ಲಿ ಸಲ್ಲಬೇಕಾದ ಸ್ಥಾನ ಸಲ್ಲದಿರುವ ಕಾರಣಗಳನ್ನೂ ಬೇಸಿಗೆಯಲ್ಲಿ ತೆರೆಕಂಡ ಎರಡು ಕೌಟುಂಬಿಕ ಚಿತ್ರಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರಾಜಕೀಯ ಗಡಿ ಮತ್ತು ಹಂಚಿಕೆಯ ಗಡಿ

ಶಾಸನಗಳಲ್ಲಿ ಸಗರ ಮುನ್ನೂರು ಎಂದು ಉಲ್ಲೇಖಗೊಂಡಿರುವ ಈ ಪ್ರದೇಶವು ಮುಂದೆ ಸುರಪುರದ ನಾಯಕರ ಆಳ್ವಿಕೆಯಿಂದ ಪ್ರಸಿದ್ಧವಾಯಿತು. 1858ರ ಹೋರಾಟದಲ್ಲಿ ರಾಜಾ ವೆಂಕಟಪ್ಪ ನಾಯಕನ ಪತನವಾದ ಮೇಲೆ, 1860ರಲ್ಲಿ ಸುರಪುರ ಸಂಸ್ಥಾನವು ಹೈದರಾಬಾದಿನ ನಿಜಾಮನ ವಶಕ್ಕೆ ಸೇರಿತು. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಗುಲಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿದವು. ಗುಲಬರ್ಗಾ ಜಿಲ್ಲೆಯ ಭಾಗವಾಗಿದ್ದ ಸಗರನಾಡು 2010ರಲ್ಲಿ ಯಾದಗಿರಿ ಜಿಲ್ಲೆಯಾಗಿ ಪ್ರತ್ಯೇಕ ಆಡಳಿತ ಘಟಕವಾಯಿತು.

ಆಡಳಿತದಲ್ಲಿ ಅಳಿಸಿಹೋದ ಗಡಿಗಳು ಚಲನಚಿತ್ರ ವ್ಯಾಪಾರದಲ್ಲಿ ಅಳಿಯಲಿಲ್ಲವೆಂಬುದು ಗಮನಾರ್ಹ. ಹಿಂದಿ ಚಿತ್ರಗಳ ಹಂಚಿಕೆಯಲ್ಲಿ ಭಾರತವನ್ನು ವಲಯಗಳಾಗಿ ವಿಂಗಡಿಸುವ ಪದ್ಧತಿಯಿದೆ. ಇದರಂತೆ ಹಳೆಯ ಮೈಸೂರು ಭಾಗವು ಮೈಸೂರು ವಲಯಕ್ಕೂ, ಬೆಳಗಾವಿ, ಧಾರವಾಡ, ವಿಜಾಪುರ ಭಾಗಗಳು ಮುಂಬೈ ವಲಯಕ್ಕೂ ಸೇರಿದ್ದವು. ಗುಲಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳು ತೆಲಂಗಾಣ ಮತ್ತು ಮರಾಠವಾಡದೊಡನೆ ನಿಜಾಮ್ ವಲಯದಲ್ಲಿ ಉಳಿದುಕೊಂಡವು. ನಿಜಾಮನ ರಾಜ್ಯ ಇಲ್ಲವಾದ ಮೇಲೂ ಅವನ ಹೆಸರಿನ ಲೆಕ್ಕದ ಪುಸ್ತಕ ಮುಂದುವರಿಯಿತು. ಕನ್ನಡ ಚಿತ್ರಗಳ ಹಂಚಿಕೆದಾರರ ವಿಂಗಡಣೆಯಲ್ಲೂ ಬೆಂಗಳೂರು-ಕೋಲಾರ-ತುಮಕೂರು ಒಂದು ವಲಯ, ಮೈಸೂರು-ಮಂಡ್ಯ-ಚಾಮರಾಜನಗರ-ಹಾಸನ ಇನ್ನೊಂದು ವಲಯವಾದರೆ, ಸಗರನಾಡು ಹೈದರಾಬಾದ್ ಕರ್ನಾಟಕವೆಂಬ ವಿಸ್ತಾರವಾದ ವಲಯದಲ್ಲಿ ಅಡಗಿಹೋಯಿತು. ದಕ್ಷಿಣದಲ್ಲಿ ಮೂರು-ನಾಲ್ಕು ಜಿಲ್ಲೆಗಳಿಗೆ ಒಂದು ಲೆಕ್ಕ ದೊರೆತರೆ, ಇಲ್ಲಿ ಹಳೆಯ ಸಂಸ್ಥಾನದ ಕನ್ನಡ ಭಾಗಕ್ಕೆಲ್ಲ ಒಂದೇ ಲೆಕ್ಕ. ಆದ್ದರಿಂದ ಒಂದು ಚಿತ್ರವನ್ನು ಸುರಪುರದ ಜನ ಮೆಚ್ಚಿದರೋ ಇಲ್ಲವೋ ಎಂಬ ಪ್ರಶ್ನೆಗೆ ವಲಯವಾರು ಅಂಕಿಗಳಿಂದ ಉತ್ತರ ಸಿಗುವುದಿಲ್ಲ.

ದಿನಗಳ ಲೆಕ್ಕ

ಸಿದ್ಧಲಿಂಗಯ್ಯನವರ ನಿರ್ದೇಶನದ, ರಾಜ್‌ಕುಮಾರ್ ಅಭಿನಯದ 'ಬಂಗಾರದ ಮನುಷ್ಯ' 1972ರ ಮಾರ್ಚ್ 31ರಂದು, ಬೇಸಿಗೆಯ ಆರಂಭದಲ್ಲಿ ತೆರೆಕಂಡಿತು. ಟಿ. ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದ ವಸ್ತು ಬೇಸಾಯ ಮತ್ತು ಕುಟುಂಬ. ಅಕ್ಕನ ಸಂಸಾರಕ್ಕೆ ಆಸರೆಯಾಗಿ ನಿಂತು, ಬರಡು ನೆಲವನ್ನು ಹಸನುಮಾಡುವ ನಾಯಕನ ಕಥೆ ಒಣಬೇಸಾಯದ ನಾಡಿಗೆ ಅನ್ಯವಾದುದಲ್ಲ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷಗಳ ಕಾಲ ಪ್ರದರ್ಶನ ಕಂಡಿತು. ಅನಂತರದ ದಶಕಗಳಲ್ಲಿ ಅಭಿಮಾನಿಗಳ ಚರ್ಚೆಯಲ್ಲಿ ಈ ದಾಖಲೆ ಒಂದು ಮಾನದಂಡವಾಗಿ ನಿಂತಿತು. ಶತದಿನೋತ್ಸವ, ಇಪ್ಪತ್ತೈದನೇ ವಾರ, ವರ್ಷ ಪೂರೈಸಿದ ಕೇಂದ್ರಗಳು ಎಂಬ ಮಾತುಗಳು ದಿನಪತ್ರಿಕೆಗಳ ಜಾಹೀರಾತುಗಳಿಂದಲೂ 'ರೂಪತಾರಾ', 'ವಿಜಯಚಿತ್ರ'ದಂತಹ ಸಿನಿಮಾ ಪತ್ರಿಕೆಗಳಿಂದಲೂ ನಾಡಿನಾದ್ಯಂತ ಹರಡಿದವು. ಅಭಿಮಾನಿ ಸಂಘಗಳು ಬೆಳೆದಂತೆ ಈ ಲೆಕ್ಕವು ನಟನ ಘನತೆಯ ಪ್ರಶ್ನೆಯೂ ಆಯಿತು.

ಆದರೆ ನೂರು ದಿನಗಳ ಪ್ರದರ್ಶನವೆಂಬುದು ಚಿತ್ರದ ಗುಣವನ್ನಷ್ಟೇ ಅಲ್ಲ, ಊರಿನ ಗಾತ್ರವನ್ನೂ ಅವಲಂಬಿಸಿದೆ. ಬೆಂಗಳೂರಿನ ಜನಸಂಖ್ಯೆ 1971ರ ವೇಳೆಗೇ 16 ಲಕ್ಷವನ್ನು ಮೀರಿತ್ತು. ಶಹಾಪುರ ಮತ್ತು ಸುರಪುರ ಪಟ್ಟಣಗಳ ಜನಸಂಖ್ಯೆ ನಲವತ್ತು ವರ್ಷಗಳ ಅನಂತರದ 2011ರ ಜನಗಣತಿಯಲ್ಲೂ ತಲಾ 50 ಸಾವಿರದ ಆಸುಪಾಸಿನಲ್ಲಿತ್ತು. ನಿದರ್ಶನಕ್ಕಾಗಿ 600 ಆಸನಗಳ ಒಂದು ಚಿತ್ರಮಂದಿರವನ್ನು ಭಾವಿಸಿಕೊಳ್ಳಬಹುದು. ದಿನಕ್ಕೆ ಮೂರು ಪ್ರದರ್ಶನಗಳಾದರೆ 1,800 ಜನರಿಗೆ ಅವಕಾಶ. 50 ಸಾವಿರ ಜನರ ಪಟ್ಟಣದಲ್ಲಿ ಹಸುಗೂಸುಗಳೂ ಸೇರಿ ಪ್ರತಿಯೊಬ್ಬರೂ ಒಮ್ಮೆ ನೋಡಿದರೂ 28 ದಿನಗಳಲ್ಲಿ ಪ್ರೇಕ್ಷಕರು ಮುಗಿಯುತ್ತಾರೆ. ನೂರು ದಿನ ತುಂಬಿದ ಪ್ರದರ್ಶನಕ್ಕೆ 1,80,000 ಪ್ರೇಕ್ಷಕರು ಬೇಕು. ಅಂದಿನ ಬೆಂಗಳೂರಿಗೆ ಅದು ಒಟ್ಟು ಜನರ ಒಂಬತ್ತನೇ ಒಂದು ಭಾಗದಷ್ಟು. ಸಗರನಾಡಿನ ಪಟ್ಟಣಕ್ಕಾದರೆ ಇಡೀ ಊರಿನ ಮೂರೂವರೆ ಪಟ್ಟು. ಸುತ್ತಲಿನ ಹಳ್ಳಿಗಳ ಜನ ಬಂದರೂ ಈ ಅಂತರ ಸುಲಭವಾಗಿ ತುಂಬುವಂತಹುದಲ್ಲ. ಸಣ್ಣ ಊರಿನಲ್ಲಿ ನಾಲ್ಕು ವಾರ ನಿಂತ ಚಿತ್ರವು ಜನಸಂಖ್ಯೆಯ ಅನುಪಾತದಲ್ಲಿ ರಾಜಧಾನಿಯ ಬೆಳ್ಳಿಹಬ್ಬದ ಚಿತ್ರಕ್ಕಿಂತ ಹೆಚ್ಚು ಜನರನ್ನು ಸೆಳೆದಿರಬಹುದು. ಆದರೂ ಶತದಿನೋತ್ಸವದ ಪಟ್ಟಿಯಲ್ಲಿ ಅದಕ್ಕೆ ಎಡೆಯಿಲ್ಲ.

ಪ್ರತಿಗಳ ಮಿತಿಯೂ ಇದಕ್ಕೆ ಸೇರುತ್ತದೆ. ಫಿಲ್ಮ್ ಸುರುಳಿಗಳ ಕಾಲದಲ್ಲಿ ಪ್ರತಿಗಳ ತಯಾರಿಕೆ ದುಬಾರಿಯಾಗಿದ್ದುದರಿಂದ ಅವು ಮೊದಲು ದೊಡ್ಡ ಕೇಂದ್ರಗಳಿಗೆ, ಅನಂತರ ಸಣ್ಣ ಊರುಗಳಿಗೆ, ಕೊನೆಯಲ್ಲಿ ಟೂರಿಂಗ್ ಟಾಕೀಸುಗಳಿಗೆ ಹೋಗುತ್ತಿದ್ದವು. ನಿಗದಿತ ಅವಧಿಯ ಪರವಾನಗಿಯಲ್ಲಿ ನಡೆಯುತ್ತಿದ್ದ ಡೇರೆಗಳಲ್ಲಿ ಚಿತ್ರಗಳು ಬೇಗಬೇಗ ಬದಲಾಗುತ್ತಿದ್ದವು. ಅಲ್ಲಿ ಯಶಸ್ಸಿನ ಕುರುಹು ಸತತ ಪ್ರದರ್ಶನವಲ್ಲ, ಮರುಪ್ರದರ್ಶನ. ಒಂದು ಚಿತ್ರ ಎಷ್ಟು ದಿನ ನಿಂತಿತು ಎಂಬುದಕ್ಕಿಂತ ಎಷ್ಟು ಬಾರಿ ಮರಳಿ ಬಂದಿತು ಎಂಬುದೇ ಮುಖ್ಯ. ದಿನಗಳ ಲೆಕ್ಕದಲ್ಲಿ ಈ ಮರಳುವಿಕೆಗೆ ಅಂಕಣವೇ ಇರಲಿಲ್ಲ.

ಬೇಸಿಗೆಯ ಕಾಲಮಾನ

ಬೇಸಿಗೆಗೆ ಈ ನಾಡಿನಲ್ಲಿ ವಿಶೇಷ ಅರ್ಥವಿದೆ. ಹಿಂಗಾರಿನ ಬಿಳಿಜೋಳದ ರಾಶಿ ಮುಗಿದ ಮೇಲೆ ಮುಂಗಾರಿನವರೆಗೆ ಒಣಬೇಸಾಯದವರಿಗೆ ಬಿಡುವು. ಯುಗಾದಿ, ಜಾತ್ರೆ, ಮದುವೆ, ಶಾಲೆಗಳ ರಜೆ ಎಲ್ಲವೂ ಈ ಕಾಲದವು. ಮಳೆಯ ಭಯವಿಲ್ಲದ ಕಾರಣ ಡೇರೆಯ ಪ್ರದರ್ಶನಕ್ಕೂ ಇದೇ ಸೂಕ್ತ ಕಾಲ. ಹೆಂಗಸರು, ಮಕ್ಕಳು, ಹಿರಿಯರು ಒಟ್ಟಾಗಿ ನೋಡಬಹುದಾದ ಕೌಟುಂಬಿಕ ಚಿತ್ರಕ್ಕೆ ಇದು ಸುಗ್ಗಿ.

ಆದರೆ ಇದೇ ಕಾಲವು ಗುಳೆಯ ಕಾಲವೂ ಹೌದು. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಜಲಾಶಯದ ಕಾಲುವೆಗಳು ಶಹಾಪುರ, ಸುರಪುರಗಳ ಕೆಲವು ಭಾಗಗಳಿಗೆ ನೀರು ತಂದರೂ, ಒಣಭೂಮಿಯ ಹಳ್ಳಿಗಳಿಂದ ಕೂಲಿಯನ್ನರಸಿ ಬೆಂಗಳೂರು, ಮುಂಬೈ, ಪುಣೆಗಳಿಗೆ ಹೋಗುವವರ ಸಾಲು ನಿಂತಿಲ್ಲ. ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ನಿಂತ ಸಗರನಾಡಿನ ಕೂಲಿಕಾರ ಅಲ್ಲಿ ಟಿಕೆಟ್ ಕೊಂಡರೆ ಅದು ಬೆಂಗಳೂರು ವಲಯದ ಗಳಿಕೆ. ತನ್ನ ಊರಿನಲ್ಲಿ ಎಣಿಕೆಗೆ ಸಿಗದವನು ಊರು ಬಿಟ್ಟಾಗ ಎಣಿಕೆಗೆ ಬರುತ್ತಾನೆ, ಆದರೆ ಬೇರೆ ಊರಿನವನಾಗಿ.

ಕೋಟಿಗಳ ಲೆಕ್ಕ

2005ರ ಅನಂತರ ಡಿಜಿಟಲ್ ಪ್ರದರ್ಶನ ವ್ಯವಸ್ಥೆ ಹರಡಿದಂತೆ ಪ್ರತಿಗಳ ಕೊರತೆ ನೀಗಿತು. ಸಣ್ಣ ಊರುಗಳಲ್ಲೂ ಮೊದಲ ದಿನವೇ ಚಿತ್ರ ಬಿಡುಗಡೆಯಾಗುವುದು ಸಾಧ್ಯವಾಯಿತು. ಇದರೊಡನೆ ಅಭಿಮಾನಿಗಳ ಚರ್ಚೆಯೂ ದಿನಗಳಿಂದ ಕೋಟಿಗಳಿಗೆ ಹೊರಳಿತು. 2017ರ ಮಾರ್ಚ್ 24ರಂದು ತೆರೆಕಂಡ, ಸಂತೋಷ್ ಆನಂದ್‌ರಾಮ್ ನಿರ್ದೇಶನದ, ಪುನೀತ್ ರಾಜ್‌ಕುಮಾರ್ ಅಭಿನಯದ 'ರಾಜಕುಮಾರ' ಈ ಹೊರಳುವಿಕೆಯ ಉತ್ತಮ ನಿದರ್ಶನ. ನೂರು ದಿನ ಪೂರೈಸಿದ ಈ ಕೌಟುಂಬಿಕ ಚಿತ್ರವನ್ನು ಕುರಿತ ವಾದಗಳಲ್ಲಿ ದಿನಗಳಿಗಿಂತ ಗಳಿಕೆಯೇ ಮುಂದಾಯಿತು. ಸರಿಯಾಗಿ ಐದು ವಾರಗಳ ಅನಂತರ, ಏಪ್ರಿಲ್ 28ರಂದು, ತೆಲುಗಿನ 'ಬಾಹುಬಲಿ 2' ಬಿಡುಗಡೆಯಾಯಿತು. ತೆಲಂಗಾಣದ ಗಡಿಗೆ ತಾಗಿದ, ತೆಲುಗು ಚಿತ್ರಗಳ ರೂಢಿಯಿರುವ ಯಾದಗಿರಿಯಂತಹ ಪ್ರದೇಶದಲ್ಲಿ ಕನ್ನಡದ ಚಿತ್ರಕ್ಕೆ ದೊರೆತ ಬೇಸಿಗೆಯ ಅವಧಿಯನ್ನು ಈ ಪೈಪೋಟಿಯ ಹಿನ್ನೆಲೆಯಲ್ಲಿ ಕಾಣಬೇಕು.

ಕೋಟಿಗಳ ಲೆಕ್ಕಕ್ಕೂ ತನ್ನದೇ ಆದ ಓರೆಯಿದೆ. ಒಟ್ಟು ಗಳಿಕೆ, ತೆರಿಗೆ ಕಳೆದ ಗಳಿಕೆ, ಹಂಚಿಕೆದಾರನ ಪಾಲು ಎಂಬ ಮೂರು ಮೊತ್ತಗಳನ್ನು ಚರ್ಚೆಯಲ್ಲಿ ಒಂದೆಂಬಂತೆ ಬಳಸುವುದುಂಟು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾದಾಗ 100 ರೂಪಾಯಿವರೆಗಿನ ಟಿಕೆಟ್ಟಿಗೆ ಶೇ. 18, ಅದಕ್ಕೆ ಮೇಲ್ಪಟ್ಟು ಶೇ. 28 ತೆರಿಗೆಯಿತ್ತು. 2019ರಲ್ಲಿ ಅದು ಶೇ. 12 ಮತ್ತು ಶೇ. 18ಕ್ಕೆ ಇಳಿಯಿತು. ಹೀಗೆ ಒಂದು ವರ್ಷದ ಒಟ್ಟು ಗಳಿಕೆಯನ್ನು ಇನ್ನೊಂದು ವರ್ಷದ್ದಕ್ಕೆ ನೇರವಾಗಿ ಹೋಲಿಸುವುದು ಉಚಿತವಲ್ಲ. ಇದಕ್ಕಿಂತ ಮುಖ್ಯವಾದುದು ದರದ ಅಂತರ. ಮಹಾನಗರದ ಮಲ್ಟಿಪ್ಲೆಕ್ಸಿನಲ್ಲಿ 300 ರೂಪಾಯಿಯ ಒಂದು ಟಿಕೆಟ್ಟೂ, ಸಣ್ಣ ಊರಿನ ಚಿತ್ರಮಂದಿರದಲ್ಲಿ 75 ರೂಪಾಯಿಯ ನಾಲ್ಕು ಟಿಕೆಟ್ಟುಗಳೂ ಗಳಿಕೆಯ ಲೆಕ್ಕದಲ್ಲಿ ಸಮ. ತಂದೆ, ತಾಯಿ, ಇಬ್ಬರು ಮಕ್ಕಳ ಒಂದು ಕುಟುಂಬ ನಗರದ ಒಬ್ಬ ಪ್ರೇಕ್ಷಕನಿಗೆ ಸಾಟಿಯಾಗುತ್ತದೆ. ಕುಟುಂಬವನ್ನೇ ಉದ್ದೇಶಿಸಿ ತಯಾರಾದ ಚಿತ್ರದ ವಿಷಯದಲ್ಲಿ ಇದು ಸಣ್ಣ ಲೋಪವಲ್ಲ.

ಉಪಸಂಹಾರ

ದಿನಗಳ ಲೆಕ್ಕವು ದೊಡ್ಡ ಊರಿಗೆ ಅನುಕೂಲವಾದರೆ, ಕೋಟಿಗಳ ಲೆಕ್ಕವು ಹೆಚ್ಚಿನ ದರಕ್ಕೆ ಅನುಕೂಲ. ಎರಡರಲ್ಲೂ ಸಗರನಾಡಿನಂತಹ ಪ್ರದೇಶದ ಪ್ರೇಕ್ಷಕರ ಪಾಲು ಕುಗ್ಗುತ್ತದೆ. ಇದರ ಪರಿಣಾಮ ಅಭಿಮಾನಿಗಳ ವಾದಕ್ಕಷ್ಟೇ ಸೀಮಿತವಲ್ಲ. ಯಾವ ಭಾಗದಿಂದ ಗಳಿಕೆ ಹೆಚ್ಚೋ ಆ ಭಾಗದ ಭಾಷೆ, ಬದುಕು, ಅಭಿರುಚಿಗಳೇ ತೆರೆಯ ಮೇಲೆ ಬರುವುದು ವ್ಯಾಪಾರದ ಸಹಜ ಧರ್ಮ. ಎಣಿಕೆಯಲ್ಲಿ ಕಾಣದ ಜನ ಕಥೆಯಲ್ಲಿಯೂ ಕಾಣದೆ ಹೋಗುತ್ತಾರೆ.

ಟಿಕೆಟ್ ಕೊಂಡವರ ತಲೆಯೆಣಿಕೆಯೇ ಇದಕ್ಕೆ ನ್ಯಾಯವಾದ ಅಳತೆ. ಚಿತ್ರಮಂದಿರಗಳು ಹಂಚಿಕೆದಾರರಿಗೆ ಒಪ್ಪಿಸುತ್ತಿದ್ದ ದಿನವಹಿ ಗಳಿಕೆಯ ಪಟ್ಟಿಗಳಲ್ಲಿ ಪ್ರತಿ ಪ್ರದರ್ಶನದ ಟಿಕೆಟ್ಟುಗಳ ಸಂಖ್ಯೆ, ದರ್ಜೆ, ದರಗಳು ದಾಖಲಾಗಿರುತ್ತವೆ. ಒಂಟಿ ಪರದೆಯ ಚಿತ್ರಮಂದಿರಗಳು ಮುಚ್ಚುತ್ತಿರುವ ಈ ಕಾಲದಲ್ಲಿ ಅಂತಹ ಪಟ್ಟಿಗಳು, ಭಿತ್ತಿಪತ್ರಗಳು, ಟೂರಿಂಗ್ ಟಾಕೀಸುಗಳ ಪರವಾನಗಿ ಕಡತಗಳು ರದ್ದಿಯ ಪಾಲಾಗುವ ಮುನ್ನ ಸಂಗ್ರಹಗೊಳ್ಳಬೇಕಾಗಿದೆ. ನಾಯಕ ಅರಸರ ಕಾಲದ ಕಾಗದಪತ್ರಗಳಿಗೆ ಸಲ್ಲುವ ಗೌರವವು ಈ ಹರಿದ ಪಟ್ಟಿಗಳಿಗೂ ಸಂದಲ್ಲಿ, ಇಪ್ಪತ್ತನೆಯ ಶತಮಾನದ ಸಗರನಾಡಿನ ಸಾಮಾನ್ಯ ಜನರ ಬಿಡುವು, ಸಂಪಾದನೆ ಹಾಗೂ ಸಂತೋಷಗಳ ಚರಿತ್ರೆಯನ್ನು ರಚಿಸಲು ಭದ್ರವಾದ ಆಧಾರ ದೊರೆತಂತಾಗುತ್ತದೆ.